ಬೋಲ್ಟ್ ತುಂಡಾಗುವುದಿಲ್ಲ, ಪೈಪಿನ ಗೋಡೆ ಬಾಗುತ್ತದೆ: ಕಾಂಕ್ರೀಟ್ ತುಂಬಿದ ಉಕ್ಕಿನ ಕಂಬದ ಜೋಡಣೆ

ಚೌಕ ಉಕ್ಕಿನ ಪೈಪನ್ನು ನಿಲ್ಲಿಸಿ, ಒಳಗೆ ಕಾಂಕ್ರೀಟ್ ಸುರಿದು, ಬೀಮನ್ನು ಅದಕ್ಕೆ ಬೋಲ್ಟ್ ಹಾಕಿ ಬಿಗಿದರೆ ಆಯಿತು. ಹೇಳಲಿಕ್ಕೆ ಇಷ್ಟೇ. ಮೈಸೂರಿನ ರಿಂಗ್ ರಸ್ತೆ ಬದಿಯಲ್ಲಿ ಮೂರು ಅಂತಸ್ತಿನ ಶೋರೂಮೋ, ಮಂಡ್ಯದ ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿ ಅಟ್ಟ ಇರುವ ಗೋದಾಮೋ ಕಟ್ಟಿಸುವವರು ಈ ಬಗೆಯ ಕಂಬ ಕೇಳುವುದಕ್ಕೆ ಕಾರಣವೂ ಸರಳ: ಕಂಬಕ್ಕೆ ಸೆಂಟ್ರಿಂಗ್ ಬೇಡ, ಕಂಬಿ ಕಟ್ಟುವ ಕೆಲಸ ಕಡಿಮೆ, ತೆಳ್ಳಗಿದ್ದೂ ಹೊರೆ ಹೊರುತ್ತದೆ. ನಕ್ಷೆ ಕೈಗೆ ಬಂದಾಗ ಮಾಲೀಕರು, ಮೇಸ್ತ್ರಿ, ಕೆಲವೊಮ್ಮೆ ಎಂಜಿನಿಯರ್ ಕೂಡ ಮೊದಲು ಕೇಳುವ ಪ್ರಶ್ನೆ, "ಈ ಬೋಲ್ಟು ಎಷ್ಟು ಟನ್ ತಡೆಯುತ್ತೆ?" ಕೇಳಬೇಕಾದದ್ದು ಬೇರೆ ಎರಡು. ಬೋಲ್ಟು ಎಳೆದಾಗ ಪೈಪಿನ ಗೋಡೆ ಏನಾಗುತ್ತದೆ? ನಟ್ಟನ್ನು ಯಾವ ದಿನ ಬಿಗಿಯುತ್ತೀರಿ?

ಮೊದಲು, ಪೈಪೊಳಗೆ ಕಾಂಕ್ರೀಟ್ ಏಕೆ ಎಂಬುದನ್ನು ನೋಡಿಬಿಡೋಣ. ಕಬ್ಬಿನ ಗಾಡಿಯ ಚಕ್ರಕ್ಕೆ ಕಾಯಿಸಿದ ಕಬ್ಬಿಣದ ಪಟ್ಟಿ ತೊಡಿಸುತ್ತಿದ್ದರಲ್ಲ, ಅದೇ ಲೆಕ್ಕ. ಪಟ್ಟಿ ಇಲ್ಲದೆ ಮರದ ತುಂಡುಗಳು ಬಿಚ್ಚಿಕೊಳ್ಳುತ್ತವೆ. ಮರ ಇಲ್ಲದೆ ಪಟ್ಟಿ ಬರೀ ಬಳೆ. ಕಾಂಕ್ರೀಟನ್ನು ಮೇಲಿಂದ ಒತ್ತಿದಾಗ ಅದು ಪಕ್ಕಕ್ಕೆ ಉಬ್ಬಿ ಸೀಳಲು ನೋಡುತ್ತದೆ, ಉಕ್ಕು ಹಿಡಿದಿಡುತ್ತದೆ. ಉಕ್ಕಿನ ತೆಳುಗೋಡೆ ಒಳಕ್ಕೆ ಮಡಚಿಕೊಳ್ಳಲು ನೋಡುತ್ತದೆ, ಕಾಂಕ್ರೀಟ್ ಜಾಗ ಕೊಡುವುದಿಲ್ಲ. ದುಂಡು ಪೈಪಿನಲ್ಲಿ ಈ ಹಿಡಿತ ಸುತ್ತಲೂ ಒಂದೇ ಸಮ. ಚೌಕ ಪೈಪಿನಲ್ಲಿ ಮೂಲೆಗಳು ಗಟ್ಟಿ, ನಡುವಿನ ಮೈ ಮೆತ್ತಗೆ. ಆದರೆ ಬೋಲ್ಟಿನ ಪ್ಲೇಟು ಚಪ್ಪಟೆಯಾಗಿ ಕೂರುವುದು ಚೌಕದ ಮೇಲೆಯೇ, ಅದೂ ಆ ಮೆತ್ತಗಿನ ನಡುಭಾಗದಲ್ಲೇ. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಇನ್ನೊಂದು ತೊಂದರೆ ಕಣ್ಣಿಗೇ ಕಾಣುತ್ತದೆ: ಪೈಪು ನಾಲ್ಕೂ ಕಡೆ ಮುಚ್ಚಿದೆ. ಐ-ಬೀಮಿನ ಕಂಬವಾದರೆ ಹಿಂದಿನಿಂದ ಕೈ ಹಾಕಿ ನಟ್ಟು ಹಿಡಿಯಬಹುದು, ಇಲ್ಲಿ ಸ್ಪ್ಯಾನರ್ ಒಳಗೆ ಹೋಗುವುದಿಲ್ಲ. ಇದಕ್ಕೆ ಮೂರು ದಾರಿ. ಉದ್ದನೆಯ ರಾಡನ್ನು ಕಂಬದ ಈ ಮೈಯಿಂದ ಆ ಮೈಗೆ ತೂರಿಸಿ ಎರಡೂ ತುದಿಗೆ ನಟ್ಟು ಹಾಕುವುದು ಒಂದು. ಇದಕ್ಕೆ ಥ್ರೂ ಬೋಲ್ಟ್ ಎನ್ನುತ್ತಾರೆ. ಹೊರಗಿನಿಂದಲೇ ತೂರಿಸಿ ಬಿಗಿದರೆ ಒಳಗೆ ತಾನೇ ಅರಳಿ ಕಚ್ಚಿಕೊಳ್ಳುವ ಬ್ಲೈಂಡ್ ಬೋಲ್ಟ್ ಎರಡನೆಯದು. ಕಂಬದ ಹೊರಮೈಗೆ ಪ್ಲೇಟನ್ನೋ ಸುತ್ತುಪಟ್ಟಿಯನ್ನೋ ವೆಲ್ಡ್ ಮಾಡಿ, ಬೀಮನ್ನು ಅದಕ್ಕೆ ಮಾಮೂಲಿ ಬೋಲ್ಟಿನಲ್ಲಿ ಜೋಡಿಸುವುದು ಮೂರನೆಯದು.

ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕೋಣ. ಕಂಬ 250 × 250 × 8 ಮಿ.ಮೀ. ಚೌಕ ಪೈಪು, ಭಾರತೀಯ ಮಾನಕ (ಐಎಸ್) 4923ರ ವೈಎಸ್‌ಟಿ 310 ದರ್ಜೆ, ಅಂದರೆ ಉಕ್ಕು ಪ್ರತಿ ಚದರ ಮಿ.ಮೀ.ಗೆ 310 ನ್ಯೂಟನ್‌ಗೆ ಸಡಿಲುತ್ತದೆ. ಒಳಗೆ ಎಂ30 ಕಾಂಕ್ರೀಟ್. ಬೀಮು ಐಎಸ್‌ಎಂಬಿ 300, ಅಂದರೆ 300 ಮಿ.ಮೀ. ಎತ್ತರದ ಐ-ಬೀಮು. ಅದರ ತುದಿಗೆ 16 ಮಿ.ಮೀ. ದಪ್ಪ, 180 × 420 ಮಿ.ಮೀ. ಅಳತೆಯ ಎಂಡ್ ಪ್ಲೇಟ್, ಅದರಲ್ಲಿ ಎಂ20 ಗಾತ್ರದ 8.8 ದರ್ಜೆಯ ಎಂಟು ಬೋಲ್ಟು: ಮೇಲಿನ ಫ್ಲೇಂಜಿನ (ಐ ಆಕಾರದ ಅಡ್ಡಪಟ್ಟಿಯ) ಸುತ್ತ ನಾಲ್ಕು, ಕೆಳಗಿನದರ ಸುತ್ತ ನಾಲ್ಕು. ಅಡ್ಡಕ್ಕೆ ಬೋಲ್ಟಿಂದ ಬೋಲ್ಟಿಗೆ 120 ಮಿ.ಮೀ., ಉದ್ದಕ್ಕೆ 100. (ಬೋಲ್ಟಿನ ಎಂ20 ಎಂದರೆ 20 ಮಿ.ಮೀ. ವ್ಯಾಸ, ಕಾಂಕ್ರೀಟಿನ ಎಂ20 ಎಂದರೆ ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್ ತಾಳುವ ಶಕ್ತಿ. ಎರಡೂ ಒಂದೇ ಹಾಳೆಯಲ್ಲಿ ಬಂದಾಗ ಗೊಂದಲ ಆಗುವುದುಂಟು. ಬೋಲ್ಟಿನ 8.8 ದರ್ಜೆ ಎಂದರೆ ಅದರ ಉಕ್ಕು ಪ್ರತಿ ಚದರ ಮಿ.ಮೀ.ಗೆ ಕನಿಷ್ಠ 800 ನ್ಯೂಟನ್ ಎಳೆತ ತಾಳುತ್ತದೆ.) ಜೋಡಣೆಗೆ ಬರುವ ಮೊಮೆಂಟ್ 60 ಕಿಲೋನ್ಯೂಟನ್-ಮೀಟರ್, ನೇರ ಇಳಿಭಾರ 90 ಕಿಲೋನ್ಯೂಟನ್ ಎಂದಿಟ್ಟುಕೊಳ್ಳಿ. ಹತ್ತು ಕಿಲೋನ್ಯೂಟನ್ ಎಂದರೆ ಹೆಚ್ಚು ಕಡಿಮೆ ಒಂದು ಟನ್.

ಮೊಮೆಂಟ್ ಅಂದರೆ ಬೀಮು ಬಾಗುವಾಗ ಮೇಲಿನ ಬೋಲ್ಟುಗಳನ್ನು ಹೊರಕ್ಕೆ ಎಳೆದು, ಕೆಳಗಿನ ಫ್ಲೇಂಜನ್ನು ಕಂಬಕ್ಕೆ ಒತ್ತುವುದು. ಎರಡರ ನಡುವಿನ ದೂರ ಸುಮಾರು 0.3 ಮೀಟರ್. 60ನ್ನು 0.3ರಿಂದ ಭಾಗಿಸಿದರೆ 200 ಕಿಲೋನ್ಯೂಟನ್, ಅಂದರೆ 20 ಟನ್ ಎಳೆತ. ನಾಲ್ಕು ಬೋಲ್ಟಿಗೆ ಹಂಚಿದರೆ ತಲಾ 50.

ಬೋಲ್ಟು ಎಷ್ಟು ತಾಳುತ್ತದೆ? ಎಂ20ರ ಮರೆಯ (ಥ್ರೆಡ್ಡಿನ) ಭಾಗದ ಅಡ್ಡಕೊಯ್ತ 245 ಚದರ ಮಿ.ಮೀ. ಉಕ್ಕಿನ ಕಟ್ಟಡಗಳ ಮಾನಕ ಐಎಸ್ 800:2007ರ ಪ್ರಕಾರ 0.9 × 800 × 245ನ್ನು 1.25ರಿಂದ ಭಾಗಿಸಿದರೆ 141 ಕಿಲೋನ್ಯೂಟನ್. ನಾಲ್ಕಕ್ಕೆ 564. ಬೇಕಾದದ್ದು 200. ಇಳಿಭಾರದ ಕತ್ತರಿಕೆಗೆ ಮರೆಯ ಜಾಗದಲ್ಲಿ ಒಂದೊಂದು ಬೋಲ್ಟು 90 ತಾಳುತ್ತದೆ. ಬರುವುದು ಎಂಟಕ್ಕೆ ಹಂಚಿ ತಲಾ 11. ಎಳೆತ, ಕತ್ತರಿಕೆ ಎರಡರಲ್ಲೂ ಬರುವುದನ್ನು ತಾಳುವುದರಿಂದ ಭಾಗಿಸಿ, ವರ್ಗ ಮಾಡಿ ಕೂಡಿಸುವ ಸೂತ್ರಕ್ಕೆ ಹಾಕಿದರೆ ಮೊತ್ತ 0.14, 1 ಮೀರಬಾರದು, ಅಷ್ಟೇ. ಎಂಡ್ ಪ್ಲೇಟು ಬಾಗಿ ಸನ್ನೆಕೋಲಿನಂತೆ ಬೋಲ್ಟಿನ ಎಳೆತವನ್ನು ಹೆಚ್ಚಿಸುವುದನ್ನು ಸೇರಿಸಿದರೂ ಬೋಲ್ಟಿಗೆ ಏನೂ ಆಗುವುದಿಲ್ಲ.

ಈಗ ಗೋಡೆ. ಬೋಲ್ಟುಗಳು 8 ಮಿ.ಮೀ. ಗೋಡೆಗೇ ಕಚ್ಚಿಕೊಂಡು ಎಳೆದರೆ ಆ ಮೈ ತಮಟೆಯ ಚರ್ಮದ ಹಾಗೆ ಹೊರಕ್ಕೆ ಉಬ್ಬುತ್ತದೆ. ಮೂಲೆಗಳ ಉದ್ದಕ್ಕೂ ಬೋಲ್ಟಿನ ಸುತ್ತಲೂ ಮಡಿಕೆ ಗೆರೆಗಳು ಮೂಡಿ, ಆ ಗೆರೆಗಳಲ್ಲಿ ಉಕ್ಕು ಸಡಿಲುತ್ತದೆ. ಐಎಸ್ 800ರಲ್ಲಿ ಬೋಲ್ಟಿನ ಲೆಕ್ಕ ಚೆನ್ನಾಗಿದೆ, ಟೊಳ್ಳು ಪೈಪಿನ ಮೈ ಹೀಗೆ ಬಾಗುವುದಕ್ಕೆ ನೇರ ಸೂತ್ರವಿಲ್ಲ. ಆದ್ದರಿಂದ ಯೂರೋಪಿನ ಉಕ್ಕಿನ ಸಂಹಿತೆಯಾದ ಯೂರೋಕೋಡ್ 3ರ 1-8ನೇ ಭಾಗದ ಮಡಿಕೆ-ಗೆರೆ ಸೂತ್ರವನ್ನು ಹಿಡಿಯುತ್ತಾರೆ. ನಮ್ಮ ಅಳತೆಗೆ ಅದು ಕೊಡುವ ಉತ್ತರ, ಖಾಲಿ ಪೈಪಿಗೆ, ನಾಲ್ಕೂ ಬೋಲ್ಟು ಸೇರಿ ಸುಮಾರು 130 ಕಿಲೋನ್ಯೂಟನ್.

ಬೋಲ್ಟು 564, ಗೋಡೆ 130, ಬೇಕಾದದ್ದು 200. ಎಂ20 ಸಾಲದೆಂದು ಎಂ24 ಹಾಕಿದರೆ 564 ಇನ್ನೂ ಏರುತ್ತದೆ, 130 ಅಲ್ಲೇ ನಿಲ್ಲುತ್ತದೆ. "ಸೇಫ್ ಆಗಿರಲಿ" ಎಂದು ದಪ್ಪ ಬೋಲ್ಟು ಬರೆಯುವ ಅಭ್ಯಾಸ ಇಲ್ಲಿ ಹಣ ದಂಡ ಮಾಡುತ್ತದೆ, ಜೊತೆಗೆ ರಂಧ್ರವನ್ನು ದೊಡ್ಡದು ಮಾಡಿ ಗೋಡೆಯನ್ನು ಇನ್ನಷ್ಟು ಬಡವಾಗಿಸುತ್ತದೆ. ಗೋಡೆಯ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ: 8ರ ಬದಲು 10 ಮಿ.ಮೀ. ಆದರೆ 130 ಇದ್ದದ್ದು 205 ಹತ್ತಿರ, 6 ಮಿ.ಮೀ. ಆದರೆ 75ಕ್ಕೂ ಕಡಿಮೆ. ಬೋಲ್ಟುಗಳನ್ನು ಮೂಲೆಯ ಕಡೆಗೆ ಸರಿಸಿದರೂ ಶಕ್ತಿ ಏರುತ್ತದೆ, ಆದರೆ ಮೂಲೆಯ ಬಾಗಿನ ಮೇಲೆ ವಾಷರ್ ಕೂರುವುದಿಲ್ಲವಾದ್ದರಿಂದ ಅದಕ್ಕೊಂದು ಮಿತಿ.

ಒಳಗೆ ಕಾಂಕ್ರೀಟ್ ಇದೆಯಲ್ಲ, ಗೋಡೆಯನ್ನು ಅದು ಕಾಪಾಡುವುದಿಲ್ಲವೇ ಎಂದರೆ, ಅರ್ಧ ಮಾತ್ರ. ಕೆಳಗಿನ ಫ್ಲೇಂಜು ಒತ್ತುವ ಕಡೆ ಗೋಡೆಯ ಹಿಂದೆ ಕಾಂಕ್ರೀಟಿನ ಬೆನ್ನಿದೆ, ಅಲ್ಲಿ ಚಿಂತೆಯಿಲ್ಲ. ಮೇಲೆ ಎಳೆಯುವ ಕಡೆ ಗೋಡೆ ಕಾಂಕ್ರೀಟನ್ನು ಬಿಟ್ಟು ದೂರ ಸರಿಯುತ್ತದೆ. ಎರಡರ ನಡುವೆ ಅಂಟು ಹೆಚ್ಚೇನಿಲ್ಲ. ಪಕ್ಕದ ಗೋಡೆಗಳು ಒಳಕ್ಕೆ ಸೇದಿಕೊಳ್ಳದಂತೆ ಕಾಂಕ್ರೀಟ್ ತಡೆಯುವುದರಿಂದ ಮೂಲೆಗಳು ಬಿಗಿಯಾಗಿ ನಿಂತು ಸ್ವಲ್ಪ ಲಾಭ ಬರುತ್ತದೆ. ಪೂರ್ತಿ ಲಾಭ ಬೇಕಾದರೆ ಬೋಲ್ಟು ಗೋಡೆಯನ್ನು ಬಿಟ್ಟು ಕಾಂಕ್ರೀಟನ್ನೋ, ಹಿಂದಿನ ಮೈಯನ್ನೋ ಹಿಡಿಯಬೇಕು.

ಥ್ರೂ ಬೋಲ್ಟ್ ಮಾಡುವುದು ಅದನ್ನೇ. ರಾಡಿನ ಇನ್ನೊಂದು ತುದಿ ಕಂಬದ ಹಿಂಬದಿಯಲ್ಲಿ ಪ್ಲೇಟಿಗೆ ಒರಗಿದೆ. ಮುಂದೆ ಎಳೆದರೆ ಹಿಂದಿನ ಪ್ಲೇಟು ಕಾಂಕ್ರೀಟನ್ನು ಒತ್ತುತ್ತದೆ, ಮುಂದಿನ ಗೋಡೆಗೆ ಎಳೆತವೇ ಬರುವುದಿಲ್ಲ. ಎದುರುಬದುರಾಗಿ ಎರಡು ಬೀಮು ಇದ್ದರೆ ಇನ್ನೂ ಒಳ್ಳೆಯದು, ಒಂದರ ಎಂಡ್ ಪ್ಲೇಟು ಮತ್ತೊಂದಕ್ಕೆ ಹಿಂಬದಿ ಪ್ಲೇಟು. ಒಂದೇ ಕಡೆ ಬೀಮು ಇದ್ದಾಗ ಹಿಂಬದಿ ಪ್ಲೇಟನ್ನು ಬಿಟ್ಟು ಬರೀ ವಾಷರ್ ಹಾಕುವುದು ಇಲ್ಲಿನ ಮಾಮೂಲಿ ಉಳಿತಾಯ. ಎಂ20 ವಾಷರಿನ ಹೊರವ್ಯಾಸ 37 ಮಿ.ಮೀ.; ಪೂರ್ತಿ ಬಿಗಿದಾಗ ಅದರಡಿ, ಗೋಡೆಯ ದಪ್ಪದಲ್ಲಿ ಹರಡಿಕೊಂಡ ಮೇಲೂ, ಕಾಂಕ್ರೀಟಿಗೆ ಪ್ರತಿ ಚದರ ಮಿ.ಮೀ.ಗೆ ಸುಮಾರಾಗಿ 80 ನ್ಯೂಟನ್ ಒತ್ತಡ ಬೀಳುತ್ತದೆ. ಎಂ30 ಕಾಂಕ್ರೀಟ್ ಅದಕ್ಕೆ ಪುಡಿಯಾಗುತ್ತದೆ, ಬಿಗಿತ ಕರಗುತ್ತದೆ. ಎಂಡ್ ಪ್ಲೇಟಿನಷ್ಟೇ ಅಗಲದ ಪ್ಲೇಟನ್ನು ಹಿಂದೆಯೂ ಕೊಡಬೇಕು.

ರಾಡು ಹಾದುಹೋಗುವ ದಾರಿಯನ್ನು ಕಾಂಕ್ರೀಟ್ ಹಾಕುವ ಮೊದಲೇ ಮಾಡಿಡಬೇಕು. ವೈರಿಂಗಿನ ಪಿವಿಸಿ ಪೈಪನ್ನು ಒಳಗೆ ಸಿಕ್ಕಿಸುತ್ತೇವೆ ಎನ್ನುವವರು ಒಂದು ಲೆಕ್ಕ ಮರೆಯುತ್ತಾರೆ: ಬೋಲ್ಟಿನ ರಂಧ್ರ 22 ಮಿ.ಮೀ., ಪಿವಿಸಿ ಪೈಪು 25. ಹೊರಗಿನಿಂದ ತೂರುವುದಿಲ್ಲ, ಮೂರೂವರೆ ಮೀಟರ್ ಪೈಪಿನ ಒಳಗೆ ಕೈ ಎಟಕುವುದಿಲ್ಲ. ಇದಕ್ಕಿಂತ ಮುಕ್ಕಾಲು ಇಂಚಿನ ಜಿಐ ಅಲ್ಲದ ಕಪ್ಪು ಪೈಪು ಮೇಲು. ಐಎಸ್ 1239ರ ಮಧ್ಯಮ ದರ್ಜೆಯಲ್ಲಿ ಅದರ ಹೊರವ್ಯಾಸ 26.9, ಗೋಡೆ 2.6, ಒಳವ್ಯಾಸ 21.7 ಮಿ.ಮೀ. ಎಂ20 ರಾಡಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಕಂಬದ ಎರಡೂ ಮೈಗೆ 27.5 ಮಿ.ಮೀ. ರಂಧ್ರ ಕೊರೆದು, ಈ ಪೈಪಿನ ತುಂಡನ್ನು, ಅಂದರೆ ರಾಡಿನ ತೋಳನ್ನು, ಹೊರಗಿನಿಂದ ತೂರಿಸಿ, ಎರಡೂ ತುದಿಯಲ್ಲಿ ಸುತ್ತ ವೆಲ್ಡ್ ಮಾಡಿ, ಮಟ್ಟಸವಾಗಿ ಗ್ರೈಂಡ್ ಮಾಡಬೇಕು. ವೆಲ್ಡಿನ ಗಂಟು ಅರ್ಧ ಮಿ.ಮೀ. ಉಳಿದರೂ ಎಂಡ್ ಪ್ಲೇಟು ಆ ಗಂಟಿನ ಮೇಲೆ ಕೂರುತ್ತದೆ, ಕಂಬದ ಮೇಲಲ್ಲ. ಸಿಮೆಂಟಿನ ಹಾಲು ಸೋರುವುದೂ ಈ ವೆಲ್ಡಿನಿಂದ ನಿಲ್ಲುತ್ತದೆ.

ಗ್ಯಾಸ್ ಕಟಿಂಗಿನಲ್ಲಿ ರಂಧ್ರ ಮಾಡಬಾರದು. ಎದುರುಮೈಯ ರಂಧ್ರಗಳು ಒಂದೇ ಗೆರೆಯಲ್ಲಿರಬೇಕು. ತೋಳಿನೊಳಗೆ ರಾಡಿಗೆ ಸಿಗುವ ಸಡಿಲು 1.7 ಮಿ.ಮೀ. ಮಾತ್ರ. ಕಂಬದ ಒಂದು ಅಂಚನ್ನೇ ಆಧಾರವಾಗಿಟ್ಟು ಎರಡೂ ಮೈಗೆ ಒಂದೇ ಟೆಂಪ್ಲೇಟ್ ಹಿಡಿದು ಮ್ಯಾಗ್ನೆಟ್ ಡ್ರಿಲ್ಲಿನಲ್ಲಿ ಕೊರೆಯಬೇಕು. ಈ ಮೈಗೆ ಈ ಅಂಚಿನಿಂದ, ಆ ಮೈಗೆ ಆ ಅಂಚಿನಿಂದ ಅಳೆದರೆ ಪೈಪಿನ ಅಗಲದಲ್ಲಿನ ವ್ಯತ್ಯಾಸವೆಲ್ಲ ರಂಧ್ರಕ್ಕೆ ಬರುತ್ತದೆ.

ನಾಲ್ಕೂ ಕಡೆಯಿಂದ ಬೀಮು ಬಂದರೆ ಎರಡು ದಿಕ್ಕಿನ ರಾಡುಗಳು ನಡುವೆ ಡಿಕ್ಕಿ ಹೊಡೆಯುತ್ತವೆ. ಒಂದು ದಿಕ್ಕಿನ ಬೋಲ್ಟುಸಾಲನ್ನು 50 ಮಿ.ಮೀ. ಮೇಲೆ ಅಥವಾ ಕೆಳಗೆ ಇಡುವುದೊಂದೇ ದಾರಿ. ಇದನ್ನು ನಕ್ಷೆಯಲ್ಲೇ ತೀರ್ಮಾನಿಸಬೇಕು, ಸೈಟಿನಲ್ಲಿ ಗೊತ್ತಾದರೆ ಬೀಮಿನ ಮಟ್ಟವೇ ಕೆಡುತ್ತದೆ. ತೋಳುಗಳ ಆ ಜಾಲರಿಯಲ್ಲಿ ನಡುವಿನ ಕಿಂಡಿ ಸುಮಾರು 93 ಮಿ.ಮೀ. ಚೌಕ, ಪಕ್ಕದ ಸಂದು 43 ಮಾತ್ರ. 20 ಮಿ.ಮೀ. ಜಲ್ಲಿ ಅಲ್ಲಿ ಸೇತುವೆ ಕಟ್ಟಿಕೊಂಡು ನಿಲ್ಲುತ್ತದೆ, ಅದರ ಕೆಳಗೆ ಪೊಳ್ಳು. ಜೋಡಣೆ ಇರುವ ಜಾಗದಲ್ಲೇ ಪೊಳ್ಳು ಬಿದ್ದರೆ ಮೇಲಿನ ಲೆಕ್ಕವೆಲ್ಲ ನೀರಿಗೆ. ಜಲ್ಲಿ 10 ಅಥವಾ 12.5 ಮಿ.ಮೀ. ಇರಲಿ. ವೈಬ್ರೇಟರಿನ ಸೂಜಿ 25 ಅಥವಾ 40 ಮಿ.ಮೀ.ಯದೇ ಬೇಕು.

ಸಾಧ್ಯವಿದ್ದರೆ ವೈಬ್ರೇಟರ್ ಬೇಡದ, ತಾನೇ ಹರಿದು ಕೂರುವ ಕಾಂಕ್ರೀಟ್ ಒಳ್ಳೆಯದು. ಐಎಸ್ 10262ರ 2019ರ ಆವೃತ್ತಿಯಲ್ಲಿ ಅದರ ಮಿಶ್ರಣದ ವಿನ್ಯಾಸವೂ ಇದೆ. ತಟ್ಟೆಯ ಮೇಲೆ ಹರಿದಾಗ ವ್ಯಾಸ 660ರಿಂದ 750 ಮಿ.ಮೀ. ಬರುವ ಹದ ಈ ಕೆಲಸಕ್ಕೆ ಸರಿ. ನಮ್ಮ ಕಡೆ ಎಲ್ಲರೂ ಬಳಸುವ ಎಂ-ಸ್ಯಾಂಡಿನಲ್ಲಿ ಧೂಳು ಲೋಡಿನಿಂದ ಲೋಡಿಗೆ ಬದಲಾಗುತ್ತದೆ. ಐಎಸ್ 383ರಂತೆ 75 ಮೈಕ್ರಾನಿಗಿಂತ ಸಣ್ಣದು ಶೇ 15ರೊಳಗಿರಬೇಕು. ಧೂಳು ಹೆಚ್ಚಾದರೆ ಮಿಶ್ರಣ ಅಂಟಂಟಾಗುತ್ತದೆ, ಮೇಸ್ತ್ರಿ ನೀರು ಸೇರಿಸುತ್ತಾರೆ, ಆಮೇಲೆ ಕಾಂಕ್ರೀಟ್ ಕುಗ್ಗಿ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ನೀರಿನ ಬದಲು ಪ್ಲಾಸ್ಟಿಸೈಸರ್ (ಮಿಶ್ರಣ ಸಲೀಸಾಗಿ ಹರಿಯುವಂತೆ ಮಾಡುವ ರಾಸಾಯನಿಕ) ಸೇರಿಸಲಿ.

ಸುರಿಯುವ ಮೊದಲು ಪೈಪಿನ ಒಳಗೆ ಟಾರ್ಚ್ ಬಿಟ್ಟು ನೋಡಬೇಕು. ಹಿಂಗಾರು ಮಳೆ ಬಂದ ಮಾರನೆಯ ದಿನ ಬಾಯಿ ತೆರೆದ ಪೈಪಿನ ಬುಡದಲ್ಲಿ ನೀರು ನಿಂತಿರುತ್ತದೆ. ಅದರ ಮೇಲೆ ಸುರಿದರೆ ಬುಡದ ಕಾಂಕ್ರೀಟ್ ಬರೀ ಗಂಜಿ. ಬೇಸ್ ಪ್ಲೇಟಿನ ಮೇಲೆ ಒಂದು ಸಣ್ಣ ರಂಧ್ರ ಬಿಟ್ಟರೆ ನೀರು ಹೋಗುತ್ತದೆ. ಕಾಂಕ್ರೀಟಿನ ಮಾನಕ ಐಎಸ್ 456ರ ಪ್ರಕಾರ ಕಾಂಕ್ರೀಟನ್ನು 1.5 ಮೀಟರಿಗಿಂತ ಎತ್ತರದಿಂದ ಬೀಳಿಸಬಾರದು, ಆದ್ದರಿಂದ ಕಿಂಡಿಯ ಮೂಲಕ 75 ಮಿ.ಮೀ. ಹೋಸ್ ಇಳಿಸಿ, ತುಂಬಿದಂತೆ ಮೇಲೆತ್ತುತ್ತಾ ಬರಬೇಕು. ನಮ್ಮ ಕಂಬದ ಒಳಗಿನ ಜಾಗ ಮೀಟರಿಗೆ ಸುಮಾರು 55 ಲೀಟರ್, ಮೂರೂವರೆ ಮೀಟರಿಗೆ 190. ಒಂದೊಂದು ಕಂಬಕ್ಕೆ ಎಷ್ಟು ಲೀಟರ್ ಹೋಯಿತೆಂದು ಬರೆದಿಟ್ಟುಕೊಳ್ಳಿ. 170ಕ್ಕೇ ಬಾಯಿ ತುಂಬಿತೆಂದರೆ ಎಲ್ಲೋ 20 ಲೀಟರ್ ಗಾಳಿ ಕೂತಿದೆ. ಇಷ್ಟು ಅಗ್ಗದ ಪರೀಕ್ಷೆ ಇನ್ನೊಂದಿಲ್ಲ, ಇದನ್ನು ಮಾಡುವವರೂ ಕಡಿಮೆ.

ಪೈಪು ತೆಳ್ಳಗಿದ್ದರೆ ಹಸಿ ಕಾಂಕ್ರೀಟೇ ಅದನ್ನು ಉಬ್ಬಿಸುತ್ತದೆ. ಮೂರೂವರೆ ಮೀಟರ್ ಎತ್ತರದ ಹಸಿ ಕಾಂಕ್ರೀಟ್ ಬುಡದಲ್ಲಿ ಪ್ರತಿ ಚದರ ಮೀಟರಿಗೆ 87 ಕಿಲೋನ್ಯೂಟನ್ ಒತ್ತಡ ಹಾಕುತ್ತದೆ. 300 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಮೈ ಅದಕ್ಕೆ ಸುಮಾರು ಒಂದೂವರೆ ಮಿ.ಮೀ. ಹೊರಬರುತ್ತದೆ, ಗಟ್ಟಿಯಾದ ಮೇಲೆ ಹಾಗೇ ನಿಲ್ಲುತ್ತದೆ. ಅಲ್ಲಿ ಎಂಡ್ ಪ್ಲೇಟಿದ್ದರೆ ಅದು ಹೊಟ್ಟೆಯ ಮೇಲೆ ಅಲ್ಲಾಡುತ್ತದೆ. 8 ಮಿ.ಮೀ. ಗೋಡೆಗೆ ಈ ಕಾಟವಿಲ್ಲ.

ಈಗ ನಟ್ಟು ಬಿಗಿಯುವ ದಿನ. ಬೀಮುಗಳನ್ನು ಎತ್ತಿ ಕೂರಿಸುವಾಗ ಪೈಪು ಖಾಲಿ ಇರುತ್ತದೆ. ಆ ಹೊತ್ತಿನಲ್ಲಿ ಎಷ್ಟು ಬಿಗಿಯಬಹುದು? ಪ್ಲೇಟುಗಳು ಒಂದಕ್ಕೊಂದು ತಾಗುವಷ್ಟು, ಅಂದರೆ ಒಬ್ಬ ಮನುಷ್ಯ ಮಾಮೂಲಿ ಸ್ಪ್ಯಾನರಿನಲ್ಲಿ ತಿರುಗಿಸುವಷ್ಟು. ಎಂ20 8.8 ಬೋಲ್ಟಿನ ಪೂರ್ಣ ಬಿಗಿತ 0.7 × 800 × 245, ಅಂದರೆ 137 ಕಿಲೋನ್ಯೂಟನ್. ಖಾಲಿ ಪೈಪಿನ ಮೇಲೆ ಇಷ್ಟು ಹಾಕಿದರೆ ಗೋಡೆ ಒಳಕ್ಕೆ ಕುಳಿ ಬೀಳುತ್ತದೆ. ತೋಳು ಆಧಾರ ಕೊಡುತ್ತದಲ್ಲ ಎನ್ನಬಹುದು. ಅದರ ಅಡ್ಡಕೊಯ್ತ 200 ಚದರ ಮಿ.ಮೀ. ಕೂಡ ಇಲ್ಲ, 50 ಕಿಲೋನ್ಯೂಟನ್‌ಗೆ ಮೊದಲೇ ಅದು ಕುಸಿಯುತ್ತದೆ. ಕುಳಿ ಬಿದ್ದ ಗೋಡೆಯ ಮೇಲೆ ಕಾಂಕ್ರೀಟ್ ಸುರಿದ ಮೇಲೆ ಸರಿಪಡಿಸುವ ದಾರಿಯೇ ಇಲ್ಲ.

ಕಾಂಕ್ರೀಟ್ ಗಟ್ಟಿಯಾದ ಮೇಲೆ ಬಿಗಿಯೋಣ ಎಂದರೂ ಏಳನೇ ದಿನ ಅವಸರ. ಎಂಟು ಬೋಲ್ಟಿನ ಪೂರ್ಣ ಬಿಗಿತ ಒಟ್ಟು 1,100 ಕಿಲೋನ್ಯೂಟನ್. 180 × 420ರ ಪ್ಲೇಟಿನಡಿ ಅದು ಪ್ರತಿ ಚದರ ಮಿ.ಮೀ.ಗೆ 14.5 ನ್ಯೂಟನ್. ಐಎಸ್ 456 ನೇರವಾಗಿ ಒಪ್ಪುವ ಒತ್ತಡ ಕಾಂಕ್ರೀಟಿನ ದರ್ಜೆಯ 0.45 ಪಾಲು, ಎಂ30ಕ್ಕೆ 13.5. ಪೂರ್ಣ ಬಲಿತ ಕಾಂಕ್ರೀಟಿಗೇ ಇದು ಅಂಚಿನ ಲೆಕ್ಕ. ನಿಧಾನಕ್ಕೆ ಬಲಿಯುವ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿನ ಏಳು ದಿನದ ಕಾಂಕ್ರೀಟ್ ಇದರಡಿ ನಿಧಾನಕ್ಕೆ ಕುಗ್ಗುತ್ತಾ ಹೋಗುತ್ತದೆ. ಪೂರ್ಣ ಬಿಗಿತ ಬೇಕೇ ಬೇಕೆಂದರೆ ಎಂ35 ಹಾಕಿ, 28 ದಿನ ಕಾಯುವುದು ಲೇಸು. ಬೇಕೇ ಬೇಕೆ ಎಂಬುದನ್ನೂ ಕೇಳಿಕೊಳ್ಳಬೇಕು. ಮೈಸೂರು, ಮಂಡ್ಯ ಐಎಸ್ 1893ರ 2016ರ ಆವೃತ್ತಿಯಲ್ಲಿ ಭೂಕಂಪ ವಲಯ 2ರಲ್ಲಿವೆ, ಅಂದರೆ ಅತಿ ಕಡಿಮೆ ಅಪಾಯದ ವಲಯ. ಐಎಸ್ 875ರಲ್ಲಿ ಮೈಸೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅದೂ ಕಡಿಮೆಯೇ. ಕ್ರೇನ್ ಓಡಾಡದ, ಯಂತ್ರ ಅದುರದ ಶೋರೂಮಿಗೆ ಅರ್ಧ ಬಿಗಿತದ ಬೇರಿಂಗ್ ಜೋಡಣೆ (ಬೋಲ್ಟು ರಂಧ್ರದ ಅಂಚಿಗೆ ಒರಗಿ ಭಾರ ಹೊರುವ ಬಗೆ) ಸಾಕಾಗುವ ಸಂದರ್ಭಗಳು ಬಹಳ. ಕ್ರೇನ್ ಇರುವ ಶೆಡ್ಡಿಗೆ ಆ ರಿಯಾಯಿತಿ ಕೊಡಲಾಗದು.

ಉದ್ದನೆಯ ರಾಡಿಗೆ ಒಂದು ಒಳ್ಳೆಯ ಗುಣ ಉಂಟು. ಬಿಗಿತ ಎಂದರೆ ರಾಡು ರಬ್ಬರಿನಂತೆ ಹಿಗ್ಗಿ ನಿಲ್ಲುವುದು. ಎರಡು ಪ್ಲೇಟು ಹಿಡಿಯುವ 36 ಮಿ.ಮೀ. ಹಿಡಿತದ ಗಿಡ್ಡ ಬೋಲ್ಟು ಪೂರ್ಣ ಬಿಗಿತದಲ್ಲಿ ಹಿಗ್ಗುವುದು 0.1 ಮಿ.ಮೀ. ಮಾತ್ರ. ಬಣ್ಣದ ಪದರವೋ ತುಕ್ಕೋ ಅಮುಕಿಕೊಂಡು 0.05 ಮಿ.ಮೀ. ಕಡಿಮೆಯಾದರೆ ಅರ್ಧ ಬಿಗಿತ ಹೋಯಿತು. ನಮ್ಮ ಥ್ರೂ ಬೋಲ್ಟಿನ ಹಿಡಿತ 290 ಮಿ.ಮೀ., ಹಿಗ್ಗುವುದು 0.8, ಅದೇ 0.05 ಕಡಿಮೆಯಾದರೆ ಶೇ 6 ನಷ್ಟ. ಗುಣದ ಜೊತೆ ಒಂದು ಕಾಟವೂ ಬಂದಿದೆ: ನಟ್ಟನ್ನು ಇಂತಿಷ್ಟು ಸುತ್ತು ತಿರುಗಿಸಿ ಎನ್ನುವ ಕೋಷ್ಟಕಗಳು ಗಿಡ್ಡ ಬೋಲ್ಟಿಗೆ ಬರೆದವು. ಅಮೆರಿಕದ ಬೋಲ್ಟು ಜೋಡಣೆಗಳ ಆರ್‌ಸಿಎಸ್‌ಸಿ ನಿಯಮಾವಳಿಯಲ್ಲಿ ಆ ಕೋಷ್ಟಕ ವ್ಯಾಸದ 12 ಪಟ್ಟು ಉದ್ದಕ್ಕೆ ನಿಲ್ಲುತ್ತದೆ, ಅದರಾಚೆಗೆ ಪರೀಕ್ಷೆ ಮಾಡಿಯೇ ತಿಳಿಯಬೇಕು. ನಮ್ಮದು 340 ಮಿ.ಮೀ., 17 ಪಟ್ಟು.

ಟಾರ್ಕ್ ರೆಂಚಿನ ಲೆಕ್ಕ ಹೀಗೆ: ಒಣ, ಚೊಕ್ಕಟ ಮರೆಗೆ ಉಜ್ಜುವಿಕೆಯ ಅಂಶ 0.2, ಮೀಟರಿನಲ್ಲಿ ವ್ಯಾಸ 0.020, ಬಿಗಿತ 137; ಮೂರನ್ನೂ ಗುಣಿಸಿದರೆ ಸುಮಾರು 550 ನ್ಯೂಟನ್-ಮೀಟರ್. ಒಂದು ಮೀಟರ್ ಹಿಡಿಯ ತುದಿಗೆ 55 ಕೆ.ಜಿ. ತೂಗುಹಾಕಿದ ಹಾಗೆ. ಅದೇ ರಾಡು ಎರಡು ತಿಂಗಳು ಸೈಟಿನಲ್ಲಿ ನೆನೆದು ತುಕ್ಕು ಹಿಡಿದಿದ್ದರೆ 0.2 ಎಂಬುದು 0.3 ಆಗುತ್ತದೆ, ರೆಂಚು 550 ಎಂದು ಕಟ್ ಎನ್ನುತ್ತದೆ, ರಾಡಿನಲ್ಲಿರುವ ಬಿಗಿತ 137 ಅಲ್ಲ, 91. ಎಣ್ಣೆ ಹಚ್ಚಿದ್ದರೆ ಉಲ್ಟಾ, 550ಕ್ಕೆ ರಾಡು ಅತಿಯಾಗಿ ಹಿಗ್ಗುತ್ತದೆ. ಬಿಗಿಯುವಾಗ ಹಿಂದಿನ ನಟ್ಟನ್ನು ಒಬ್ಬರು ಹಿಡಿದಿರಬೇಕು, ಇಲ್ಲವಾದರೆ ರಾಡೇ ತಿರುಗುತ್ತದೆ. ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ ಬಿಗಿಯಬೇಕು. ಒಂದೇ ಸುತ್ತಿನಲ್ಲಿ ಮುಗಿಸಿದರೆ ಎಂಟನೆಯದನ್ನು ಬಿಗಿಯುವಾಗ ಮೊದಲನೆಯದು ಸಡಿಲವಾಗಿರುತ್ತದೆ.

ರಾಡನ್ನು ಎಲ್ಲಿಂದ ತಂದಿರಿ ಎಂಬುದೂ ಮುಖ್ಯ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಪೂರ್ತಿ ಮರೆಯ ರಾಡಿನ ಮೇಲೆ ಗುರುತು ಇಲ್ಲದಿದ್ದರೆ ಅದನ್ನು 4.6 ದರ್ಜೆ ಎಂದೇ ತಿಳಿಯಬೇಕು. ಆಗ 141 ಇದ್ದದ್ದು 68ಕ್ಕೆ ಇಳಿಯುತ್ತದೆ, ಪೂರ್ಣ ಬಿಗಿತದ ಮಾತೇ ಇಲ್ಲ. ಅನುಮಾನವಿದ್ದರೆ ಒಂದು ತುಂಡನ್ನು ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್‌ನಂಥ ಎಂಜಿನಿಯರಿಂಗ್ ಕಾಲೇಜಿನ ಎಳೆತ ಪರೀಕ್ಷೆಯ ಯಂತ್ರಕ್ಕೆ ಕೊಡಬಹುದು. ಎಂ20 8.8 ಎಂದರೆ 203 ಕಿಲೋನ್ಯೂಟನ್‌ಗಿಂತ ಮೊದಲು ತುಂಡಾಗಬಾರದು. ಬಿಗಿದ ನಟ್ಟು ಬಿಚ್ಚದಿರಲಿ ಎಂದು ಅದಕ್ಕೊಂದು ವೆಲ್ಡಿನ ಚುಕ್ಕೆ ಇಡುವ ಚಾಳಿ ಬೇರೆ ಇದೆ. 8.8ರ ಶಕ್ತಿ ಬಂದಿರುವುದು ಕಾಯಿಸಿ ತಣಿಸಿದ ಹದದಿಂದ. ವೆಲ್ಡಿನ ಬಿಸಿ ಆ ಹದವನ್ನು ಅಲ್ಲಿ ಕೆಡಿಸುತ್ತದೆ. ಅದರ ಬದಲು ನಟ್ಟಿನ ಮೇಲೆ ಇನ್ನೊಂದು ನಟ್ಟು, ಅಂದರೆ ಚೆಕ್ ನಟ್ಟು ಹಾಕಿ.

ಎಂಡ್ ಪ್ಲೇಟು ಕಂಬಕ್ಕೆ ತಾಗುವ ಮೈಗೆ ಬಣ್ಣ ಬಳಿಯುವುದು ಮತ್ತೊಂದು. ಉಜ್ಜುವಿಕೆಯಿಂದ ಭಾರ ಹೊರುವ ಜೋಡಣೆಯಾದರೆ ಮರಳು ಹೊಡೆದು ಸ್ವಚ್ಛ ಮಾಡಿದ ಮೈಗೆ ಐಎಸ್ 800 ಕೊಡುವ ಗುಣಾಂಕ 0.48, ಒಂದು ಬೋಲ್ಟಿಗೆ ಸುಮಾರು 53 ಕಿಲೋನ್ಯೂಟನ್. ರೆಡ್ ಲೆಡ್ ಬಳಿದ ಮೈಗೆ 0.10, ಅಂದರೆ 11. ಎಂಟು ಬೋಲ್ಟಿಗೆ 88, ನಮ್ಮ ಇಳಿಭಾರ 90. ಫ್ಯಾಬ್ರಿಕೇಶನ್ ಅಂಗಳದಲ್ಲಿ ಎಲ್ಲಕ್ಕೂ ಬಳಿಯುವ ರೆಡ್ ಆಕ್ಸೈಡಿನಿಂದಲೂ ಇದಕ್ಕಿಂತ ಹೆಚ್ಚಿನದನ್ನು ನೆಚ್ಚಬಾರದು. ಜಾರಿದರೆ ಬೀಮು ಬೀಳುವುದಿಲ್ಲ, ಒಂದೆರಡು ಮಿ.ಮೀ. ಜಾರಿ ಬೋಲ್ಟಿಗೆ ಒರಗುತ್ತದೆ. ಆದರೆ ಮೇಲಿನ ಗಾಜಿನ ಗೋಡೆ ಅದನ್ನು ಸಹಿಸುವುದಿಲ್ಲ. ಆ ಜಾಗಕ್ಕೆ ಟೇಪ್ ಅಂಟಿಸಿ ಉಳಿದದ್ದಕ್ಕೆ ಬಳಿಯಲಿ.

ಮೂರನೆಯ ದಾರಿಯಾದ ವೆಲ್ಡ್ ಪ್ಲೇಟಿನ ಬಗ್ಗೆ ಒಂದೇ ಎಚ್ಚರ. ಬೀಮಿನ ಭಾರ ಅಲ್ಲಿ ಉಕ್ಕಿನ ಗೋಡೆಗೆ ಮಾತ್ರ ಬರುತ್ತದೆ, ಕಾಂಕ್ರೀಟಿಗೆ ಅದರ ಪಾಲು ಗೋಡೆಯ ಅಂಟಿನ ಮೂಲಕ ದಾಟಬೇಕು. ಯೂರೋಕೋಡ್ 4 ಚೌಕ ಪೈಪಿಗೆ ಒಪ್ಪುವ ಅಂಟು ಪ್ರತಿ ಚದರ ಮಿ.ಮೀ.ಗೆ 0.40 ನ್ಯೂಟನ್, ದುಂಡು ಪೈಪಿಗೆ 0.55. ನಮ್ಮ ಕಂಬದಲ್ಲಿ, ಅಗಲದ ಎರಡು ಪಟ್ಟು ಅಂದರೆ 500 ಮಿ.ಮೀ. ಉದ್ದಕ್ಕೆ, 187 ಕಿಲೋನ್ಯೂಟನ್. ಸಣ್ಣ ಕಟ್ಟಡಕ್ಕೆ ಧಾರಾಳ. ಆದರೆ ಕಾರ್ಖಾನೆಯಿಂದ ಬಂದ ಎಣ್ಣೆ ಒಳಮೈಯಲ್ಲಿ ಹಾಗೇ ಉಳಿದಿದ್ದರೆ ಈ ಲೆಕ್ಕವನ್ನು ನಂಬಲಾಗದು. ಥ್ರೂ ಬೋಲ್ಟಿನಲ್ಲಿ ರಾಡುಗಳೇ ಕಾಂಕ್ರೀಟಿನ ಮೇಲೆ ಕೂತು ಭಾರ ದಾಟಿಸುತ್ತವೆ.

ಬ್ಲೈಂಡ್ ಬೋಲ್ಟು ಹಳೆಯ ಕಟ್ಟಡದ ಖಾಲಿ ಪೈಪಿನ ಕಂಬಕ್ಕೆ ಬೀಮು ಸೇರಿಸುವಾಗ, ಹಿಂಬದಿಗೆ ಹೋಗಲಾಗದಾಗ ಉಪಕಾರಿ. ಆದರೆ ಒಳಗೆ ಅರಳಲು ಜಾಗ ಬೇಕು, ಆದ್ದರಿಂದ ಕಾಂಕ್ರೀಟ್ ತುಂಬುವ ಮೊದಲೇ ಹಾಕಬೇಕು. ಬ್ರಿಟನ್ನಿನ ಹೋಲೋ-ಬೋಲ್ಟ್ ಎಂ20ಕ್ಕೆ 33 ಮಿ.ಮೀ. ರಂಧ್ರ ಬೇಕು, ತಯಾರಕರು ಹೇಳುವ ಟಾರ್ಕ್ 300 ನ್ಯೂಟನ್-ಮೀಟರ್. ಎಳೆತಕ್ಕೆ ಅದು ನೆಚ್ಚುವುದು ಮತ್ತೆ ಅದೇ ತೆಳುಗೋಡೆಯನ್ನು. ತುದಿಯನ್ನು ಉದ್ದ ಮಾಡಿ ಅದಕ್ಕೊಂದು ನಟ್ಟು ಸೇರಿಸಿ ಕಾಂಕ್ರೀಟಿನಲ್ಲಿ ಬೇರೂರಿಸುವ ಬಗೆ ಇದೆ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಅದರ ಮೇಲೆ ಸಾಕಷ್ಟು ಸಂಶೋಧನೆ ನಡೆದಿದೆ. ಬೇರಿನ ಆಳ ಎರಡು ಪಟ್ಟಾದರೆ ಕಿತ್ತುಬರುವ ಕಾಂಕ್ರೀಟ್ ಶಂಕುವಿನ ಶಕ್ತಿ 2.8 ಪಟ್ಟು ಏರುತ್ತದೆ. ಆದರೆ ನಮ್ಮ ಕಂಬದ ಒಳಗೆ ಇರುವ ಜಾಗವೇ 234 ಮಿ.ಮೀ.; ಎದುರುಬದುರು ಬೇರು ಬಿಟ್ಟರೆ ಶಂಕುಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ, ಎರಡಕ್ಕೂ ಪೂರ್ತಿ ಶಕ್ತಿ ಲೆಕ್ಕ ಹಾಕುವಂತಿಲ್ಲ. ಈ ಗಾತ್ರದ ಕಂಬಕ್ಕೆ ಎರಡೂ ಕಡೆ ಬೀಮಿದ್ದರೆ ಥ್ರೂ ಬೋಲ್ಟೇ ಸರಿ.

ಎಲ್ಲ ಬಿಗಿದಾದ ಮೇಲೆ ಜೋಡಣೆಯ ಮೇಲೆ ಕೆಳಗೆ ಅರ್ಧ ಮೀಟರ್ ತನಕ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಬರಬೇಕು, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ. ಮಂದ ಸದ್ದು ಬಂದರೆ ತುಂಬಿದೆ, ಠಣ್ ಎಂದರೆ ಗೋಡೆಯ ಹಿಂದೆ ಸಂದಿದೆ. ಅಂಗೈಯಗಲದ ಸಂದಿಗೆ ಎರಡು ಸಣ್ಣ ರಂಧ್ರ ಕೊರೆದು ಕೆಳಗಿನದರಿಂದ ಕುಗ್ಗದ ಗ್ರೌಟ್ ತುಂಬಿ, ಮೇಲಿನದರಿಂದ ಹೊರಬರುವ ತನಕ ಬಿಡಬಹುದು. ಸಂದು ಎಂಡ್ ಪ್ಲೇಟಿನ ನೇರಕ್ಕೆ ಇದ್ದರೆ ಮೊದಲು ಬೋಲ್ಟು ಸಡಿಲಿಸಿ, ಗ್ರೌಟ್ ಗಟ್ಟಿಯಾದ ಮೇಲೆ ಮತ್ತೆ ಬಿಗಿಯಬೇಕು. ಆದರೆ ಪ್ರತಿ ಅಂತಸ್ತಿನ ಕಂಬದ ಮೇಲೆ ಒಂದು, ಕೆಳಗೆ ಒಂದು 20 ಮಿ.ಮೀ. ರಂಧ್ರವನ್ನು ಮಾತ್ರ ಮುಚ್ಚಬೇಡಿ, ಪೇಂಟರ್ ಪುಟ್ಟಿ ಮೆತ್ತಲು ಬಂದರೂ ಬಿಡಬೇಡಿ. ಬೆಂಕಿ ಬಿದ್ದಾಗ ಕಾಂಕ್ರೀಟಿನೊಳಗಿನ ನೀರು ಆವಿಯಾಗಿ ಹೊರಹೋಗಲು ಇರುವ ದಾರಿ ಅದು. ಅದಿಲ್ಲದಿದ್ದರೆ ಒಳಗಿನ ಒತ್ತಡಕ್ಕೆ ಪೈಪೇ ಸೀಳುತ್ತದೆ.